ಬೇಸ್ ಗಿಟಾರ್‌ಗೆ ಆಂಪ್ ಕೊಳ್ಳಬೇಕಾ, ಸಾಫ್ಟ್‌ವೇರ್ ಸಾಕಾ? ಮಂಡ್ಯ–ಮೈಸೂರಿನವರು ಹೇಳಿ

ಮಂಡ್ಯ ನಾಲ್ಕುತಂತಿ

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಡ್ಯದಲ್ಲಿ ಬಾಡಿಗೆ ಮನೆ, ಮೊದಲನೇ ಮಹಡಿ. ಕೆಳಗೆ ಓನರ್ ಇದ್ದಾರೆ, ವಯಸ್ಸಾದವರು. ನನ್ನ ಹತ್ತಿರ ನಾಲ್ಕು ತಂತಿಯ ಪ್ಯಾಸಿವ್ (ಒಳಗೆ ಬ್ಯಾಟರಿ ಇಲ್ಲದ) ಬೇಸ್ ಇದೆ. ಸದ್ಯಕ್ಕೆ ಗೆಳೆಯನ ಸಣ್ಣ ಗಿಟಾರ್ ಆಂಪ್‌ನಲ್ಲಿ ಕಡಿಮೆ ಸೌಂಡಿಟ್ಟು ನುಡಿಸುತ್ತೇನೆ.

ಈಗ ಮೈಸೂರಿನ ಒಂದು ತಂಡ ಕರೆದಿದೆ. ವಾರಕ್ಕೊಮ್ಮೆ ಕುವೆಂಪುನಗರದಲ್ಲಿ ಪ್ರಾಕ್ಟೀಸ್. ಗಣೇಶನ ಹಬ್ಬ, ರಾಜ್ಯೋತ್ಸವ ಬಂದಾಗ ರಸಮಂಜರಿ ಕಾರ್ಯಕ್ರಮಗಳು. ಹೋಗಿಬರುವುದು ರೈಲಿನಲ್ಲಿ, ಸಂಜೆ ಹೊತ್ತು ಎಷ್ಟು ರಶ್ ಇರುತ್ತದೆ ಅಂತ ನಿಮಗೆ ಗೊತ್ತೇ ಇದೆ.

ಬಜೆಟ್ 25 ಸಾವಿರ. ಒಬ್ಬರು ಆಂಪ್ ತಗೋ ಅಂತಾರೆ. ಇನ್ನೊಬ್ಬರು ಆಂಪ್ ಕಾಲ ಮುಗಿಯಿತು, ಲ್ಯಾಪ್‌ಟಾಪ್‌ಗೆ ಇಂಟರ್‌ಫೇಸ್ (ಬೇಸನ್ನು ಲ್ಯಾಪ್‌ಟಾಪ್‌ಗೆ ಸೇರಿಸುವ ಪೆಟ್ಟಿಗೆ) ಹಾಕು ಸಾಕು ಅಂತಾರೆ. ನನ್ನ ಲ್ಯಾಪ್‌ಟಾಪ್ ಹಳೆಯದು. ಯಾವುದು ಸರಿ?

ಸರಸ್ವತಿಪುರಂ ಬೇಸ್

ಸ್ವಾಗತ. ಆಂಪನ್ನು ಒಂದು ಕಡೆ, ಸಾಫ್ಟ್‌ವೇರನ್ನು ಇನ್ನೊಂದು ಕಡೆ ಇಟ್ಟು ತೂಗಿದರೆ ಉತ್ತರ ಸಿಗುವುದಿಲ್ಲ. ಎರಡರ ಕೆಲಸವೇ ಬೇರೆ.

ಆಂಪ್ ಅಂದರೆ ನೀವು ನಿಂತ ಜಾಗದಲ್ಲಿ ಗಾಳಿ ಅಲುಗಿಸುವ ಪೆಟ್ಟಿಗೆ. ಆಂಪ್ ಸಿಮ್ಯುಲೇಷನ್, ಅಂದರೆ ಆಂಪ್‌ನ ಸದ್ದನ್ನು ಅನುಕರಿಸುವ ಸಾಫ್ಟ್‌ವೇರ್, ಕೊಡುವುದು ಅದೇ ಪೆಟ್ಟಿಗೆಯ ಮುಂದೆ ಮೈಕ್ ಇಟ್ಟು, ಆ ಮೈಕಿನ ಸದ್ದನ್ನು ಬೇರೆ ಕೋಣೆಯಲ್ಲಿ ಕೂತು ಕೇಳಿದರೆ ಹೇಗಿರುತ್ತದೋ ಆ ಸದ್ದನ್ನು. ಅದಕ್ಕೇ ಸಾಫ್ಟ್‌ವೇರ್ ಹಾಕಿಕೊಂಡವರು ಎದೆಗೆ ಬಡಿಯುವುದಿಲ್ಲ ಅಂತ ಬೇಜಾರಾಗುತ್ತಾರೆ. ಆಂಪ್ ಕೊಂಡವರು ರೆಕಾರ್ಡಿಂಗ್‌ನಲ್ಲಿ ಕೇಳಿದ ಹಾಗೆ ಬರುವುದಿಲ್ಲ ಅಂತ ಬೇಜಾರಾಗುತ್ತಾರೆ. ಇಬ್ಬರು ಹೇಳುವುದೂ ನಿಜ.

ಈ ಎರಡು ದಾರಿ ಹೊಸದೇನಲ್ಲ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಕ್ಲಬ್‌ಗಳಲ್ಲಿ ಆಂಪೆಗ್ ಬಿ-15 ಆಂಪ್ ಇಟ್ಟುಕೊಂಡು ನುಡಿಸುತ್ತಿದ್ದರು. ಸ್ಟುಡಿಯೊದಲ್ಲಿ ಅವರ ಬೇಸ್ ಬಹುಮಟ್ಟಿಗೆ ನೇರವಾಗಿ ಮಿಕ್ಸರ್‌ಗೇ ಹೋಗುತ್ತಿತ್ತು. 1989ರಲ್ಲಿ ಟೆಕ್ 21 ಕಂಪನಿಯ ಸ್ಯಾನ್ಸ್‌ಆಂಪ್ ಬಂತು. ಆಂಪ್ ಮತ್ತು ಮೈಕ್ ಎರಡರ ಕೆಲಸವನ್ನೂ ಒಂದು ಚಿಕ್ಕ ಅನಲಾಗ್ ಪೆಡಲ್ ಮಾಡಬಹುದು ಅಂತ ಅದು ತೋರಿಸಿತು. ಇವತ್ತಿನ ಸಾಫ್ಟ್‌ವೇರ್ ಅದೇ ದಾರಿಯಲ್ಲಿ ತುಂಬಾ ಮುಂದೆ ಹೋಗಿದೆ, ಅಷ್ಟೇ.

ಹಾಗಾಗಿ ಏನು ಕೊಳ್ಳಲಿ ಅನ್ನುವುದಕ್ಕಿಂತ ಮೊದಲು ಎಲ್ಲಿ ನುಡಿಸುತ್ತೀರಿ ಅಂತ ಬರೆದುಕೊಳ್ಳಿ. ಮನೆಯಲ್ಲಿ ಕೆಳಗಿನವರಿಗೆ ತೊಂದರೆ ಆಗಬಾರದು, ಅಲ್ಲಿ ಹೆಡ್‌ಫೋನ್. ಕುವೆಂಪುನಗರದ ಪ್ರಾಕ್ಟೀಸ್ ರೂಮಿನಲ್ಲಿ ಬೇಸ್ ಆಂಪ್ ಇದೆಯಾ ಅಂತ ಕೇಳಿ, ಎಷ್ಟೋ ಕಡೆ ಇರುತ್ತದೆ. ಹಬ್ಬದ ಸ್ಟೇಜಿನಲ್ಲಿ ಬೇಸ್ ಹೋಗುವುದು ಡಿಐ ಬಾಕ್ಸ್ (ವಾದ್ಯದ ಸಿಗ್ನಲನ್ನು ಮಿಕ್ಸರ್‌ಗೆ ಹೊಂದಿಸುವ ಚಿಕ್ಕ ಪೆಟ್ಟಿಗೆ) ಮೂಲಕ ಮಿಕ್ಸರ್‌ಗೆ. ಜನ ಕೇಳುವುದು ದೊಡ್ಡ ಸ್ಪೀಕರ್‌ನಿಂದಲೇ ಹೊರತು ನಿಮ್ಮ ಆಂಪ್‌ನಿಂದಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಜೂಮ್ ಬಿ1 ಫೋರ್ ಥರದ ಒಂದು ಬೇಸ್ ಪೆಡಲ್, ಕಿವಿ ಮುಚ್ಚುವಂಥ ಒಳ್ಳೆಯ ಹೆಡ್‌ಫೋನ್, ಒಂದು ಆಕ್ಟಿವ್ (ಬ್ಯಾಟರಿ ಅಥವಾ ಮಿಕ್ಸರ್‌ನ ಕರೆಂಟಿನಲ್ಲಿ ನಡೆಯುವ) ಡಿಐ ಬಾಕ್ಸ್ ತಗೊಳ್ಳುತ್ತಿದ್ದೆ. ಆ ಪೆಡಲ್ ನಾಲ್ಕು ಪೆನ್ಸಿಲ್ ಸೆಲ್‌ನಲ್ಲೂ ನಡೆಯುತ್ತದೆ, ಕರೆಂಟ್ ಹೋದರೂ ಪ್ರಾಕ್ಟೀಸ್ ನಿಲ್ಲುವುದಿಲ್ಲ. ತಾಳಕ್ಕೆ ಡ್ರಮ್ ಕೂಡ ಅದರಲ್ಲೇ ಇದೆ. ಮೂರೂ ಸೇರಿ ಒಂದು ಬ್ಯಾಗಿನಲ್ಲಿ ಹಿಡಿಸುತ್ತವೆ.

ಐದನೇ ತಂತಿ

ಸರ್, ನಾನು ಇದನ್ನು ಒಪ್ಪುವುದಿಲ್ಲ. ಹೆಡ್‌ಫೋನ್‌ನಲ್ಲೇ ಕಲಿತವರ ಬಲಗೈ ಬೇರೆ ಥರ ಬೆಳೆಯುತ್ತದೆ. ಕಿವಿಯಲ್ಲಿ ಎಲ್ಲವೂ ಸ್ಪಷ್ಟವಾಗಿ ಕೇಳಿಸುತ್ತದೆ, ಆದ್ದರಿಂದ ಮೆಲ್ಲಗೆ ನುಡಿಸುತ್ತಾರೆ. ಅದೇ ಹುಡುಗ ಡ್ರಮ್ ಪಕ್ಕ ನಿಂತಾಗ ತನ್ನ ಸದ್ದು ಕೇಳಿಸದೆ ತಂತಿ ಕಿತ್ತುಹೋಗುವ ಹಾಗೆ ಎಳೆಯುತ್ತಾನೆ. ಟೋನ್ ಹೋಯಿತು, ಲಯವೂ ಹೋಯಿತು. ಇನ್ನೊಂದು ವಿಷಯ ಮ್ಯೂಟ್ ಮಾಡುವುದು. ಆಂಪ್ ಜೋರಾಗಿದ್ದಾಗ ನುಡಿಸದ ತಂತಿಗಳೂ ಅದುರಿ ಸದ್ದು ಮಾಡುತ್ತವೆ. ಎಡಗೈ, ಬಲಗೈ ಎರಡರಿಂದಲೂ ಅವನ್ನು ಅದುಮಿ ಹಿಡಿಯುವುದು ಆಂಪ್ ಮುಂದೆಯೇ ಕಲಿಯಬೇಕು.

ಫೆಂಡರ್ ರಂಬಲ್ 40 ನೋಡಿ. 10 ಇಂಚಿನ ಸ್ಪೀಕರ್, 40 ವ್ಯಾಟ್, ತೂಕ ಸುಮಾರು 8 ಕಿಲೋ. ಹಿಂದೆ ಮಿಕ್ಸರ್‌ಗೆ ಕೊಡುವ ಎಕ್ಸ್‌ಎಲ್‌ಆರ್ ಔಟ್ ಇದೆ, ಹೆಡ್‌ಫೋನ್ ಔಟ್ ಕೂಡ ಇದೆ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಸುಮ್ನೆ ಯೋಚನೆ ಮಾಡಬೇಡಿ. ರಂಬಲ್ 100 ಆದರೆ 12 ಇಂಚು, ಅದೂ 10 ಕಿಲೋ ಆಸುಪಾಸು. ಈಗಿನ ಕ್ಲಾಸ್ ಡಿ ಆಂಪ್‌ಗಳು ಹಗುರ, ಹಳೇ ಕಾಲದ ಹಾಗೆ ಇಬ್ಬರು ಹೊರಬೇಕಾಗಿಲ್ಲ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಗಿಟಾರ್ ಆಂಪ್‌ನಲ್ಲಿ ಬೇಸನ್ನು ಜೋರಾಗಿ ನುಡಿಸಬೇಡಿ. ಆ ಸ್ಪೀಕರ್‌ನ ಕೋನ್ ಅಷ್ಟು ದೂರ ಹಿಂದೆಮುಂದೆ ಆಡಲು ಮಾಡಿದ್ದಲ್ಲ. ಕಡಿಮೆ ಸೌಂಡಿನಲ್ಲಿ ಏನೂ ಆಗುವುದಿಲ್ಲ, ಏರಿಸಿದರೆ ಗೆಳೆಯನ ಸ್ಪೀಕರ್ ಹರಿಯುತ್ತದೆ.

ಸರಸ್ವತಿಪುರಂ ಬೇಸ್

ಮ್ಯೂಟ್ ಮಾಡುವ ವಿಷಯ ನೂರಕ್ಕೆ ನೂರು ನಿಜ. ಆದರೆ ಅದನ್ನು ಕಲಿಯಲು ವಾರಕ್ಕೊಮ್ಮೆ ಪ್ರಾಕ್ಟೀಸ್ ರೂಮ್ ಇದೆಯಲ್ಲ.

ವ್ಯಾಟ್ ಬಗ್ಗೆ ಹೇಳಿಬಿಡುತ್ತೇನೆ, ಯಾಕೆಂದರೆ ಅಂಗಡಿಯಲ್ಲಿ ಮೊದಲು ತೋರಿಸುವುದೇ ಆ ನಂಬರ್. ವ್ಯಾಟ್ ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. 40 ಮತ್ತು 100 ವ್ಯಾಟ್‌ಗೆ 4 ಡೆಸಿಬಲ್ ವ್ಯತ್ಯಾಸ. ಸ್ಪೀಕರ್ ಎಷ್ಟು ದೊಡ್ಡದು, ಎಷ್ಟು ಸ್ಪೀಕರ್ ಇವೆ, ಪೆಟ್ಟಿಗೆ ಹೇಗಿದೆ ಅನ್ನುವುದು ಅದಕ್ಕಿಂತ ಜಾಸ್ತಿ ಮುಖ್ಯ.

ಇನ್ನು ಎದೆಗೆ ಬಡಿಯುವ ಮಂದ್ರದ ವಿಷಯ. ಬೇಸ್‌ನ ಇ ತಂತಿ 41 ಹರ್ಟ್ಸ್, ಐದು ತಂತಿಯ ಬೇಸ್‌ನ ಬಿ ತಂತಿ 31. 1969ರಲ್ಲಿ ಬಂದ 300 ವ್ಯಾಟ್‌ನ ಆಂಪೆಗ್ ಎಸ್‌ವಿಟಿ, ಅದರ ಜೊತೆಯ 10 ಇಂಚಿನ ಎಂಟು ಸ್ಪೀಕರ್‌ನ ಪೆಟ್ಟಿಗೆ, ಇವೆರಡನ್ನು ರಾಕ್ ಸಂಗೀತದ ಬೇಸ್ ಸದ್ದು ಅಂತಲೇ ಜನ ಒಪ್ಪಿಕೊಂಡಿದ್ದಾರೆ, ಅಲ್ವಾ? ಆ ಸಾಲಿನ 810ಇ ಪೆಟ್ಟಿಗೆಯ ಲೆಕ್ಕ ನೋಡಿ. 58 ಹರ್ಟ್ಸ್‌ಗೆ ಬರುವಾಗಲೇ 3 ಡೆಸಿಬಲ್ ಇಳಿದಿರುತ್ತದೆ, 40ಕ್ಕೆ ಬಂದರೆ 10 ಡೆಸಿಬಲ್. ಅಂದರೆ ಇ ತಂತಿಯ ಮೂಲಸ್ವರವನ್ನು ಆ ದೊಡ್ಡ ಪೆಟ್ಟಿಗೆಯೂ ಪೂರ್ತಿ ಕೊಡುವುದಿಲ್ಲ. 82, 123 ಹರ್ಟ್ಸ್‌ನ ಮೇಲಿನ ಸ್ವರಗಳನ್ನು ಕೇಳಿ ಕಿವಿಯೇ ಕೆಳಗಿನದನ್ನು ತುಂಬಿಕೊಳ್ಳುತ್ತದೆ. ಅದಕ್ಕೇ ಸಣ್ಣ ಸ್ಪೀಕರ್‌ನಲ್ಲೂ ಇದು ಇ ಸ್ವರ ಅಂತ ಗೊತ್ತಾಗುವುದು. ಬೇಸ್ ಟೋನ್ ಹುಡುಕುವಾಗ ಕೆಳಗಿನ ನಾಬನ್ನೇ ತಿರುಗಿಸುತ್ತಾ ಕೂರಬೇಡಿ. ಕೆಲಸ ನಡೆಯುವುದು 80ರಿಂದ 800 ಹರ್ಟ್ಸ್ ಒಳಗೆ.

ಮಂಡ್ಯ ನಾಲ್ಕುತಂತಿ

ತುಂಬಾ ಥ್ಯಾಂಕ್ಸ್ ಅಣ್ಣ. ಒಂದು ಅನುಮಾನ. ಗೆಳೆಯನ ಆಂಪ್‌ನಲ್ಲಿ ಎ ತಂತಿಯನ್ನು ಬಿಟ್ಟು ಮೀಟಿದಾಗ ಮಾತ್ರ ರೂಮೆಲ್ಲ ಗುಂಯ್ ಅನ್ನುತ್ತದೆ. ಡಿ ಮೀಟಿದರೆ ಸದ್ದೇ ಇಲ್ಲದ ಹಾಗೆ. ಇದು ಆಂಪ್ ದೋಷವಾ, ಬೇಸ್ ದೋಷವಾ? ರೂಮು 10ಕ್ಕೆ 12 ಅಡಿ, ಆರ್‌ಸಿಸಿ ಮೇಲ್ಛಾವಣಿ. ಆಂಪ್ ಮೂಲೆಯಲ್ಲಿದೆ.

ಸರಸ್ವತಿಪುರಂ ಬೇಸ್

ಎರಡರ ದೋಷವೂ ಅಲ್ಲ. ಅದು ನಿಮ್ಮ ರೂಮು.

ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. ಎದುರುಬದುರು ಗೋಡೆಗಳ ನಡುವೆ ಯಾವ ಅಲೆಯ ಅರ್ಧ ಉದ್ದ ಸರಿಯಾಗಿ ಕೂರುತ್ತದೋ ಆ ಸ್ವರ ಉಬ್ಬುತ್ತದೆ. 10 ಅಡಿ ಅಂದರೆ 3.05 ಮೀಟರ್. 343ನ್ನು 6.1ರಿಂದ ಭಾಗಿಸಿದರೆ 56 ಹರ್ಟ್ಸ್. ನಿಮ್ಮ ಎ ತಂತಿ 55. ನೀವು ಎ ಮೀಟಿದಾಗಲೆಲ್ಲ ರೂಮೂ ನುಡಿಯುತ್ತದೆ. 12 ಅಡಿಗೆ ಲೆಕ್ಕ ಹಾಕಿದರೆ 47 ಬರುತ್ತದೆ. ಇ ತಂತಿಯ ಎರಡನೇ ಫ್ರೆಟ್‌ನ ಎಫ್ ಶಾರ್ಪ್ 46. ಅದನ್ನೂ ಮೀಟಿ ನೋಡಿ, ಅಲ್ಲೂ ಉಬ್ಬಬೇಕು. ಸಣ್ಣ ಆಂಪ್‌ಗೆ ಅಷ್ಟು ಕೆಳಗೆ ಶಕ್ತಿ ಇಲ್ಲದಿದ್ದರೆ ಕಡಿಮೆ ಗೊತ್ತಾಗಬಹುದು.

ಮೂಲೆಯಲ್ಲಿಟ್ಟರೆ ಇದೆಲ್ಲ ಇನ್ನೂ ಜಾಸ್ತಿ. ಆಂಪನ್ನು ಮೂಲೆಯಿಂದ ಈಚೆ ತನ್ನಿ, ಕುರ್ಚಿ ಮೇಲಿಟ್ಟು ಸ್ವಲ್ಪ ಹಿಂದಕ್ಕೆ ವಾಲಿಸಿ. ಸ್ಪೀಕರ್ ನಿಮ್ಮ ಮೊಣಕಾಲಿಗೆ ಬದಲು ಮುಖಕ್ಕೆ ನೋಡಬೇಕು. ನೀವೂ ರೂಮಿನ ನಡುವಿನಿಂದ ಎರಡು ಹೆಜ್ಜೆ ಆಚೀಚೆ ನಿಂತು ಕೇಳಿ. ಈಕ್ಯೂ (ಬೇರೆ ಬೇರೆ ಹರ್ಟ್ಸ್‌ನ ಸದ್ದನ್ನು ಏರಿಸಿ ಇಳಿಸುವ ನಾಬ್‌ಗಳು) ಇದ್ದರೆ 55ರ ಹತ್ತಿರ ಸ್ವಲ್ಪ ಇಳಿಸಿ. ಆಮೇಲೂ ಕೆಳಗಿನ ಮನೆಗೆ ಕೇಳಿಸುವುದು ತಪ್ಪುವುದಿಲ್ಲ, ಇಷ್ಟು ಉದ್ದದ ಅಲೆ ಗೋಡೆ ಸ್ಲ್ಯಾಬ್ ಎಲ್ಲ ದಾಟುತ್ತದೆ. ನೆಲಕ್ಕೆ ಕಾರ್ಪೆಟ್, ಗೋಡೆಗೆ ಫೋಮ್ ಹಾಕಿ ದುಡ್ಡು ಕಳೆಯಬೇಡಿ. ತೆಳು ಫೋಮ್ ಮೇಲಿನ ಸದ್ದನ್ನು ಹೀರುತ್ತದೆ, ಬೇಸ್‌ಗೆ ಏನೂ ಮಾಡುವುದಿಲ್ಲ.

ಹೆಡ್‌ಫೋನ್ ಅಂತ ನಾನು ಒತ್ತಿ ಹೇಳುವುದು ಇದಕ್ಕೂ ಸೇರಿ. ನಮ್ಮ ಊರಿನ ಸಣ್ಣ ರೂಮುಗಳಲ್ಲಿ ಎಷ್ಟೇ ಒಳ್ಳೆಯ ಆಂಪ್ ಇಟ್ಟರೂ ನೀವು ಕೇಳುವುದು ಅರ್ಧ ರೂಮನ್ನೇ. ಹೆಡ್‌ಫೋನ್‌ನಲ್ಲಿ ರೂಮಿಲ್ಲ.

ಪೆಂಡಾಲ್ ಸೌಂಡ್

ನಾನು ಮಿಕ್ಸರ್ ಹಿಂದೆ ನಿಲ್ಲುವವನು. ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಹಬ್ಬದ ಕಾರ್ಯಕ್ರಮಗಳಿಗೆ ಸೌಂಡ್ ಹಾಕುತ್ತೇನೆ. ನಮ್ಮ ಕಡೆಯಿಂದ ಬೇಸ್‌ನವರಿಗೆ ಹೇಳಬೇಕಾದ್ದು ಬಹಳ ಇದೆ.

ಸ್ಟೇಜಿನಲ್ಲಿ ನಿಮಗೆ ಸಿಗುವುದು ಒಂದು ಡಿಐ, ಪುಣ್ಯ ಇದ್ದರೆ ಒಂದು ಮಾನಿಟರ್. ಪ್ಯಾಸಿವ್ ಬೇಸ್ ಆದರೆ ಆಕ್ಟಿವ್ ಡಿಐ ಬೇಕು. ಅಗ್ಗದ ಪ್ಯಾಸಿವ್ ಡಿಐಗೆ ನೇರವಾಗಿ ಹಾಕಿದರೆ ಪಿಕಪ್ (ತಂತಿಯ ಅದುರಾಟವನ್ನು ಸಿಗ್ನಲ್ ಮಾಡುವ ಭಾಗ) ಮೇಲೆ ಹೊರೆ ಬಿದ್ದು ಮೇಲಿನ ಸದ್ದು ಸಾಯುತ್ತದೆ. ನಿಮ್ಮ ಮುಂದೆ ಪೆಡಲ್ ಇದ್ದರೆ ಯಾವ ಡಿಐ ಆದರೂ ನಡೆಯುತ್ತದೆ. ಪೆಡಲ್‌ನಲ್ಲಿ ಬೇಸ್ ನಾಬ್ ಪೂರ್ತಿ ಏರಿಸಿ ಕೊಡಬೇಡಿ. ಪೆಂಡಾಲ್ ಸಬ್‌ವೂಫರ್‌ಗೆ ಅದು ಬಂದರೆ ಕೆಸರಾಗುತ್ತದೆ, ನಾನು 40 ಹರ್ಟ್ಸ್ ಕೆಳಗೆ ಕತ್ತರಿಸಲೇಬೇಕಾಗುತ್ತದೆ. ಆಂಪ್ ಹಿಂದಿನ ಡಿಐ ಔಟ್‌ನಲ್ಲಿ ಪ್ರೀ (ಆಂಪ್‌ನ ನಾಬ್‌ಗಳಿಗಿಂತ ಮೊದಲು), ಪೋಸ್ಟ್ (ಆಮೇಲೆ) ಅಂತ ಸ್ವಿಚ್ ಇದ್ದರೆ ಪ್ರೀ ಇಡಿ. ಆಗ ನೀವು ಸ್ಟೇಜಿನಲ್ಲಿ ನಾಬ್ ತಿರುಗಿಸಿದರೂ ಜನರ ಕಡೆಯ ಸದ್ದು ಬದಲಾಗುವುದಿಲ್ಲ.

ಈಗ ಮುಖ್ಯ ಮಾತು, ಅರ್ಥಿಂಗ್. ಇದನ್ನು ಓದದೆ ಮುಂದೆ ಹೋಗಬೇಡಿ.

ನಿಮ್ಮ ಬೇಸ್ ತಂತಿಗಳು ಬ್ರಿಡ್ಜ್ ಮೂಲಕ ಆಂಪ್ ಅಥವಾ ಪೆಡಲ್‌ನ ಗ್ರೌಂಡ್‌ಗೆ ಸೇರಿರುತ್ತವೆ. ಹಾಡುಗಾರರ ಮೈಕ್ ನನ್ನ ಮಿಕ್ಸರ್‌ನ ಗ್ರೌಂಡ್‌ಗೆ ಸೇರಿರುತ್ತದೆ. ಎರಡೂ ಬೇರೆ ಬೇರೆ ಲೈನಿನಿಂದ ಕರೆಂಟ್ ಎಳೆದು, ಒಂದು ಕಡೆ ಅರ್ಥ್ ಇಲ್ಲದಿದ್ದರೆ, ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದವರ ಮೈಯೊಳಗೆ ಕರೆಂಟ್ ಹೋಗುತ್ತದೆ. ಮಳೆ ಬಂದು ಸ್ಟೇಜ್ ಒದ್ದೆಯಾಗಿದ್ದರೆ ಪ್ರಾಣಕ್ಕೇ ಬರಬಹುದು. ಹಮ್ ಬರುತ್ತದೆ ಅಂತ ಪ್ಲಗ್‌ನ ಮೂರನೇ ಪಿನ್ ಮುರಿಯುವವರನ್ನು ಈಗಲೂ ನೋಡುತ್ತೇನೆ. ದಯವಿಟ್ಟು ಮಾಡಬೇಡಿ. ಹಮ್ ತೆಗೆಯಲು ಡಿಐ ಮೇಲೆ ಗ್ರೌಂಡ್ ಲಿಫ್ಟ್ ಸ್ವಿಚ್ ಇದೆ. ಅದು ಸಿಗ್ನಲ್ ಕೇಬಲ್‌ನ ಗ್ರೌಂಡ್ ಮಾತ್ರ ಬಿಡಿಸುತ್ತದೆ, ಕರೆಂಟಿನ ಅರ್ಥ್ ಹಾಗೇ ಇರುತ್ತದೆ.

ನಾನು ಪ್ರತಿ ಸ್ಟೇಜಿನಲ್ಲೂ ಮಾಡುವುದು ಇಷ್ಟು. ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಒಂದು ಮೊನೆಯನ್ನು ಬೇಸ್ ತಂತಿಗೆ, ಇನ್ನೊಂದನ್ನು ಮೈಕಿನ ಜಾಲರಿಗೆ ತಾಗಿಸುತ್ತೇನೆ. ಸೊನ್ನೆಯ ಹತ್ತಿರ ಇರಬೇಕು. ಹತ್ತಾರು ವೋಲ್ಟ್ ತೋರಿಸಿದರೆ ಆ ಜಂಕ್ಷನ್ ಬಾಕ್ಸ್ ಸರಿಯಾಗುವವರೆಗೆ ಯಾರನ್ನೂ ಸ್ಟೇಜ್ ಹತ್ತಿಸುವುದಿಲ್ಲ. ಸ್ಟೇಜಿನ ವಾದ್ಯಗಳಿಗೂ ಮಿಕ್ಸರ್‌ಗೂ ಒಂದೇ ಬೋರ್ಡಿನಿಂದ ಲೈನ್ ಎಳೆಸುತ್ತೇನೆ. ಜನರೇಟರ್ ಇದ್ದ ದಿನ ಇದನ್ನು ಎರಡು ಸಲ ನೋಡುತ್ತೇನೆ.

ಭಾನುವಾರದ ಬೇಸ್

ಈ ಮಾತು ಎಲ್ಲ ಸಂಗೀತ ಕ್ಲಾಸಿನಲ್ಲೂ ಹೇಳಿಕೊಡಬೇಕು ಅಣ್ಣ.

ನಾನು ಮೈಸೂರಿನ ಒಂದು ಚರ್ಚ್‌ನಲ್ಲಿ ಬೇಸ್ ನುಡಿಸುತ್ತೇನೆ. ನಮ್ಮಲ್ಲಿ ಸ್ಟೇಜ್ ಮೇಲೆ ಆಂಪ್ ಇಲ್ಲವೇ ಇಲ್ಲ. ಮೊದಲು ಇತ್ತು, ಕಲ್ಲಿನ ಗೋಡೆ, ಎತ್ತರದ ಛಾವಣಿ ಇರುವ ಕಡೆ ಬೇಸ್ ಆಂಪ್ ಇಟ್ಟರೆ ಹಾಡುವವರ ಒಂದು ಪದವೂ ತಿಳಿಯುತ್ತಿರಲಿಲ್ಲ. ಈಗ ಎಲ್ಲರಿಗೂ ಇಯರ್‌ಫೋನ್ ಮಾನಿಟರ್. ನನ್ನ ಬೇಸ್ ಪೆಡಲ್‌ನಿಂದ ಮಿಕ್ಸರ್‌ಗೆ ಹೋಗುತ್ತದೆ. ಇಲ್ಲಿ ಆಂಪ್ ಸಿಮ್ಯುಲೇಷನ್ ನಿಜಕ್ಕೂ ಬೇಕಾಗುತ್ತದೆ. ಬರೀ ಡಿಐ ಸದ್ದು ಇಯರ್‌ಫೋನ್‌ನಲ್ಲಿ ಒಣಒಣ ಅನ್ನಿಸುತ್ತದೆ, ಕ್ಯಾಬಿನೆಟ್ (ಸ್ಪೀಕರ್ ಪೆಟ್ಟಿಗೆ) ಸಿಮ್ಯುಲೇಷನ್ ಹಾಕಿದ ಕೂಡಲೇ ಮೈ ತುಂಬಿಕೊಳ್ಳುತ್ತದೆ.

ಮನೆಯಲ್ಲಿ ರೆಕಾರ್ಡ್ ಮಾಡಲು ಲ್ಯಾಪ್‌ಟಾಪ್ ಬಳಸುತ್ತೇನೆ. ನ್ಯೂರಲ್ ಆಂಪ್ ಮಾಡೆಲರ್, ಎಲ್ಲರೂ ನ್ಯಾಮ್ ಅನ್ನುವುದು, ಸ್ಟೀವನ್ ಅಟ್ಕಿನ್ಸನ್ ಅವರು ಮಾಡಿದ್ದು. ಉಚಿತ, ಓಪನ್ ಸೋರ್ಸ್. ನಿಜವಾದ ಆಂಪ್ ಒಳಗೆ ಒಂದು ಪರೀಕ್ಷಾ ಸಿಗ್ನಲ್ ಕಳಿಸಿ, ಹೊರಗೆ ಬಂದದ್ದನ್ನು ರೆಕಾರ್ಡ್ ಮಾಡಿ, ಎರಡನ್ನೂ ಹೋಲಿಸಿ ಆಂಪ್ ಏನು ಮಾಡುತ್ತದೆ ಅಂತ ನ್ಯೂರಲ್ ನೆಟ್‌ವರ್ಕ್ ಕಲಿಯುತ್ತದೆ. ಹಾಗೆ ಕಲಿತ ಫೈಲುಗಳನ್ನು ಜನ ಒಬ್ಬರಿಗೊಬ್ಬರು ಹಂಚಿಕೊಳ್ಳುತ್ತಾರೆ. ಇಗ್ನೈಟ್ ಆಂಪ್ಸ್‌ನ ಎಸ್‌ಎಚ್‌ಬಿ-1 ಕೂಡ ಉಚಿತ, ಬೇಸ್‌ಗೇ ಮಾಡಿದ್ದು. ಇವನ್ನು ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಹಾಕಿಕೊಂಡಿದ್ದೇನೆ. ರೀಪರನ್ನು 60 ದಿನ ದುಡ್ಡು ಕೊಡದೆ ಬಳಸಿ ನೋಡಬಹುದು.

ಮಂಡ್ಯ ನಾಲ್ಕುತಂತಿ

ಅಕ್ಕ, ಗೆಳೆಯನ ಇಂಟರ್‌ಫೇಸ್ ತಂದು ನ್ಯಾಮ್ ಹಾಕಿ ನೋಡಿದೆ. ಮೂರು ತೊಂದರೆ. ಮೀಟಿದ ಮೇಲೆ ಸದ್ದು ತಡವಾಗಿ ಬರುತ್ತದೆ. ಅದನ್ನು ಕಡಿಮೆ ಮಾಡಲು ಹೋದರೆ ಪಟಪಟ ಅಂತ ಒಡೆಯುತ್ತದೆ. ಜೊತೆಗೆ ಒಂದು ಹಮ್, ತಂತಿ ಮುಟ್ಟಿದರೆ ಕೈ ಸ್ವಲ್ಪ ಜುಮ್ ಅನ್ನುತ್ತದೆ.

ಭಾನುವಾರದ ಬೇಸ್

ಜುಮ್ ಅನ್ನುವುದನ್ನು ಮೊದಲು ನೋಡೋಣ. ಲ್ಯಾಪ್‌ಟಾಪ್ ಚಾರ್ಜರ್ ಎರಡು ಪಿನ್ನಿನದಾ? ಅರ್ಥ್ ಇಲ್ಲದ ಚಾರ್ಜರ್‌ಗಳಲ್ಲಿ ಸಣ್ಣ ಲೀಕೇಜ್ ಇರುತ್ತದೆ, ಅದು ಯುಎಸ್‌ಬಿ, ಇಂಟರ್‌ಫೇಸ್, ಕೇಬಲ್ ದಾಟಿ ತಂತಿಗೆ ಬರುತ್ತದೆ. ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ನುಡಿಸಿ. ಜುಮ್ ನಿಂತರೆ ಕಾರಣ ಅದೇ, ಹಮ್ ಕೂಡ ಬಹುತೇಕ ಜೊತೆಗೇ ಹೋಗುತ್ತದೆ. ಬ್ಯಾಟರಿ ಮೇಲೂ ಜುಮ್ ಅಂದರೆ ನುಡಿಸಬೇಡಿ, ಎಲೆಕ್ಟ್ರಿಷಿಯನ್ ಕರೆಸಿ.

ತಡ ಆಗುವುದಕ್ಕೆ ಬಫರ್ ಕಾರಣ, ಅಂದರೆ ಲ್ಯಾಪ್‌ಟಾಪ್ ಒಮ್ಮೆಗೆ ಕೂಡಿಟ್ಟು ಕಳಿಸುವ ಸದ್ದಿನ ತುಣುಕು. ವಿಂಡೋಸ್ ಆದರೆ ಇಂಟರ್‌ಫೇಸ್‌ನ ಸ್ವಂತ ಅಸಿಯೊ (ತಡ ಕಡಿಮೆ ಮಾಡುವ) ಡ್ರೈವರ್ ಹಾಕಿ, ವಿಂಡೋಸ್‌ನ ಮಾಮೂಲಿ ಸೌಂಡ್ ಡ್ರೈವರ್ ಬೇಡ. ಸ್ವಂತದ್ದು ಇಲ್ಲದಿದ್ದರೆ ಅಸಿಯೊ ಫೋರ್ ಆಲ್. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಬಫರ್ ಅಂದರೆ 2.7 ಮಿಲಿಸೆಕೆಂಡ್, 256 ಅಂದರೆ 5.3. ಒಳಗೆ ಹೋಗಲು ಒಮ್ಮೆ, ಹೊರಗೆ ಬರಲು ಒಮ್ಮೆ, ಮೇಲೆ ಇಂಟರ್‌ಫೇಸ್‌ನದ್ದು ಸ್ವಲ್ಪ. ಒಟ್ಟು 10 ಮಿಲಿಸೆಕೆಂಡ್ ಒಳಗಿದ್ದರೆ ಹೆದರಬೇಡಿ. ಆಂಪ್‌ನಿಂದ ಮೂರು ಮೀಟರ್ ದೂರ ನಿಂತರೆ ಸದ್ದು ಬರಲು ಸುಮಾರು 9 ಮಿಲಿಸೆಕೆಂಡ್ ಬೇಕು, ಸ್ಟೇಜಿನಲ್ಲಿ ಯಾರೂ ಅದನ್ನು ತಡ ಅನ್ನುವುದಿಲ್ಲ.

ಪಟಪಟ ಅನ್ನುವುದು ಪ್ರೊಸೆಸರ್ ಸಾಲದೆ. ನ್ಯಾಮ್ ಫೈಲುಗಳಲ್ಲಿ ಸ್ಟ್ಯಾಂಡರ್ಡ್, ಲೈಟ್, ಫೆದರ್, ನ್ಯಾನೊ ಅಂತ ಇರುತ್ತವೆ. ಹಳೇ ಲ್ಯಾಪ್‌ಟಾಪ್‌ಗೆ ಲೈಟ್ ಅಥವಾ ಫೆದರ್ ಹಾಕಿ. ವೈಫೈ ಆಫ್ ಮಾಡಿ, ಪವರ್ ಸೇವಿಂಗ್ ತೆಗೆಯಿರಿ.

ಸರಸ್ವತಿಪುರಂ ಬೇಸ್

ಇದಕ್ಕೆ ಸ್ವಲ್ಪ ಸೇರಿಸುತ್ತೇನೆ.

ಇಂಟರ್‌ಫೇಸ್‌ನಲ್ಲಿ ಇನ್‌ಸ್ಟ್ರುಮೆಂಟ್ ಅಥವಾ ಹೈ-ಝಡ್ ಸ್ವಿಚ್ ಒತ್ತಿದ್ದೀರಾ ನೋಡಿ. ಪ್ಯಾಸಿವ್ ಪಿಕಪ್‌ಗೆ ಸುಮಾರು 1 ಮೆಗಾಓಮ್ ಇನ್‌ಪುಟ್ ಬೇಕು. ಲೈನ್‌ನಲ್ಲಿಟ್ಟರೆ ಸದ್ದು ಮಬ್ಬಾಗಿ, ಯಾವ ಆಂಪ್ ಫೈಲ್ ಹಾಕಿದರೂ ಜೀವ ಬರುವುದಿಲ್ಲ. ಗೇನ್ (ಒಳಬರುವ ಸಿಗ್ನಲ್‌ನ ಮಟ್ಟ) ಇಡುವಾಗ ನಿಮ್ಮ ಅತಿ ಜೋರಾದ ಮೀಟನ್ನು ಮೀಟಿ. ಕೆಂಪು ದೀಪ ಒಂದು ಸಲವೂ ಹೊತ್ತಬಾರದು. ಆಂಪ್ ಫೈಲುಗಳು ಒಳಬರುವ ಮಟ್ಟಕ್ಕೆ ತಕ್ಕ ಹಾಗೆ ವರ್ತಿಸುತ್ತವೆ, ಜಾಸ್ತಿ ಕೊಟ್ಟರೆ ಕ್ಲೀನ್ ಆಂಪ್ ಕೂಡ ಒಡೆದ ಸದ್ದು ಮಾಡುತ್ತದೆ. ಫೈಲ್ ಕೆಟ್ಟದ್ದು ಅಂತ ಬಿಸಾಡುವ ಮೊದಲು ಇನ್‌ಪುಟ್ ಇಳಿಸಿ ಕೇಳಿ.

ಇನ್ನು ಕ್ಯಾಬಿನೆಟ್. ಸ್ಪೀಕರ್ ಪೆಟ್ಟಿಗೆ ಮತ್ತು ಮೈಕಿನ ಗುಣವನ್ನು ಹಿಡಿದಿಡುವ ಫೈಲನ್ನು ಐಆರ್ ಅನ್ನುತ್ತಾರೆ. ಒಂದು ಸಿಗ್ನಲ್‌ಗೆ ಒಂದೇ ಕ್ಯಾಬಿನೆಟ್ ಸಾಕು. ನ್ಯಾಮ್ ಫೈಲ್ ಕ್ಯಾಬಿನೆಟ್ ಸೇರಿಸಿಯೇ ಮಾಡಿದ್ದಾದರೆ ಮೇಲೆ ಐಆರ್ ಹಾಕಬೇಡಿ. ಪೆಡಲನ್ನು ನಿಜವಾದ ಬೇಸ್ ಆಂಪ್‌ಗೆ ಕೊಡುವಾಗ ಕ್ಯಾಬಿನೆಟ್ ಸಿಮ್ಯುಲೇಷನ್ ಆಫ್ ಮಾಡಿ, ಅಲ್ಲಿ ಪೆಟ್ಟಿಗೆ ಇದೆಯಲ್ಲ. ಆಂಪ್ ಹಿಂದೆ ಎಫೆಕ್ಟ್ಸ್ ರಿಟರ್ನ್ ಜ್ಯಾಕ್ ಇದ್ದರೆ ಅದಕ್ಕೇ ಕೊಡಿ, ಆಗ ಆ ಆಂಪ್‌ನ ಪ್ರೀಆಂಪ್ (ಟೋನ್ ನಾಬ್‌ಗಳಿರುವ ಮೊದಲ ಭಾಗ) ನಡುವೆ ಬರುವುದಿಲ್ಲ. ಮಿಕ್ಸರ್‌ಗೆ ಕೊಡುವಾಗ ಮತ್ತೆ ಆನ್ ಮಾಡಿ. ಸಾಫ್ಟ್‌ವೇರ್ ಚೆನ್ನಾಗಿಲ್ಲ ಅನ್ನುವ ಅರ್ಧ ದೂರು ಇಲ್ಲಿಂದ ಬರುತ್ತದೆ.

ಡಿಸ್ಟಾರ್ಷನ್ ಬೇಕಿದ್ದರೆ ಇಡೀ ಸಿಗ್ನಲ್‌ಗೆ ಹಾಕಬೇಡಿ, ಕೆಳಗಿನ ಗಟ್ಟಿತನ ಕರಗಿಹೋಗುತ್ತದೆ. ಕೆಳಗಿನ ಭಾಗ ಕ್ಲೀನ್ ಆಗಿರಲಿ, ಮೇಲಿನ ಭಾಗ ಮಾತ್ರ ಒಡೆಯಲಿ. ನ್ಯೂರಲ್ ಡಿಎಸ್‌ಪಿಯ ಪ್ಯಾರಲ್ಯಾಕ್ಸ್ ಪ್ಲಗ್‌ಇನ್ ಮಾಡುವುದೇ ಇದನ್ನು. ಸ್ಯಾನ್ಸ್‌ಆಂಪ್, ಡಾರ್ಕ್‌ಗ್ಲಾಸ್ ಪೆಡಲ್‌ಗಳಲ್ಲಿ ಬ್ಲೆಂಡ್ (ಕ್ಲೀನ್ ಸದ್ದು, ಒಡೆದ ಸದ್ದು ಎರಡನ್ನೂ ಬೆರೆಸುವ) ನಾಬ್ ಇರುವುದೂ ಕ್ಲೀನ್ ಸದ್ದನ್ನು ಉಳಿಸಿಕೊಳ್ಳಲೆಂದೇ.

ಆಮೇಲೆ, ದಯವಿಟ್ಟು ನೂರಾರು ಫೈಲ್ ಡೌನ್‌ಲೋಡ್ ಮಾಡಿಕೊಂಡು ಸಂಜೆಯೆಲ್ಲ ಅದನ್ನೇ ಬದಲಾಯಿಸುತ್ತಾ ಕೂರಬೇಡಿ. ಒಂದು ಹಳೇ ಆಂಪೆಗ್ ಥರದ್ದು, ಒಂದು ಕ್ಲೀನ್ ಆದದ್ದು ಇಟ್ಟುಕೊಳ್ಳಿ. ಒಂದು ಹಬ್ಬದ ಸೀಸನ್ ಅದರಲ್ಲೇ ನುಡಿಸಿ. ಟೋನ್ ಜಾಸ್ತಿ ಬದಲಾಗುವುದು ಬೆರಳು ಪಿಕಪ್‌ನ ಹತ್ತಿರ ಇದೆಯೋ ಬ್ರಿಡ್ಜ್‌ನ ಹತ್ತಿರ ಇದೆಯೋ ಅನ್ನುವುದರಿಂದ. ತಂತಿ ಹಳೇದಾಗಿದ್ದರೆ ಅದನ್ನು ಬದಲಿಸಿ.

ಐದನೇ ತಂತಿ

ಕೊನೆಯ ಮಾತು ಒಪ್ಪಿದೆ ಸರ್. ಆದರೂ ಸಣ್ಣ ಆಂಪ್ ಒಂದು ಮನೆಯಲ್ಲಿರಲಿ ಅನ್ನುವುದನ್ನು ಬಿಡುವುದಿಲ್ಲ. ಲ್ಯಾಪ್‌ಟಾಪ್ ತೆಗೆದು, ಆನ್ ಮಾಡಿ, ಡ್ರೈವರ್ ನೋಡಿ, ಅಪ್‌ಡೇಟ್ ಮುಗಿಸುವಷ್ಟರಲ್ಲಿ ನುಡಿಸುವ ಮನಸ್ಸೇ ಹೋಗಿರುತ್ತದೆ. ಆಂಪ್ ಆದರೆ ಒಂದು ಸ್ವಿಚ್. ಕೈಗೆ ಸಿಗುವ ಹಾಗೆ ಇದ್ದರೆ ದಿನಾ ನುಡಿಸುತ್ತೀರಿ.

ಸರಸ್ವತಿಪುರಂ ಬೇಸ್

ಇದು ಬಲವಾದ ಕಾರಣ, ಒಪ್ಪುತ್ತೇನೆ. ಲ್ಯಾಪ್‌ಟಾಪ್‌ಗಿಂತ ಮೊದಲು ಪೆಡಲ್ ಅಂದದ್ದೂ ಇದಕ್ಕೇ. ಅದರದ್ದೂ ಒಂದೇ ಸ್ವಿಚ್.

ಬೆಸುಗೆ ಕೆಲಸ

ನಾನು ಆಂಪ್ ರಿಪೇರಿ ಮಾಡುತ್ತೇನೆ. ಇಲ್ಲಿ ಯಾರೂ ಹೇಳದ ಎರಡು ಮೂರು ವಿಷಯ.

ಅಮೆರಿಕದಿಂದ ನೆಂಟರು ತಂದುಕೊಟ್ಟ ಆಂಪ್ ಅಂದರೆ ಹಿಂದಿನ ಪ್ಲೇಟ್ ಓದದೆ ಪ್ಲಗ್ ಹಾಕಬೇಡಿ. ಅಲ್ಲಿ 120 ವೋಲ್ಟ್, ಇಲ್ಲಿ 230. ಕೆಲವಕ್ಕೆ ವೋಲ್ಟೇಜ್ ಸ್ವಿಚ್ ಇರುತ್ತದೆ, ಇಲ್ಲದಿದ್ದರೆ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅಡಾಪ್ಟರ್ ಪಿನ್ ಬದಲಿಸಿದರೆ ವೋಲ್ಟೇಜ್ ಬದಲಾಗುವುದಿಲ್ಲ.

ಹೆಡ್ (ಸ್ಪೀಕರ್ ಇಲ್ಲದ ಆಂಪ್ ಭಾಗ) ಬೇರೆ, ಪೆಟ್ಟಿಗೆ ಬೇರೆ ಇರುವ ಆಂಪ್ ಆದರೆ ಓಮ್ ಲೆಕ್ಕ ನೋಡಿ. 8 ಓಮ್‌ನ ಎರಡು ಪೆಟ್ಟಿಗೆ ಪ್ಯಾರಲಲ್ ಆದರೆ 4 ಓಮ್. ಹೆಡ್ ಮೇಲೆ ಕನಿಷ್ಠ 4 ಓಮ್ ಅಂತ ಬರೆದಿದ್ದರೆ ಅದಕ್ಕಿಂತ ಕೆಳಗೆ ಹೋಗಬೇಡಿ. ವಾಲ್ವ್ (ಗಾಜಿನ ಟ್ಯೂಬ್‌ಗಳಿರುವ) ಆಂಪ್ ಆದರೆ ಸ್ಪೀಕರ್ ಹಾಕದೆ ಆನ್ ಮಾಡಿ ನುಡಿಸಲೇಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ಹೆಡ್‌ನಿಂದ ಪೆಟ್ಟಿಗೆಗೆ ಗಿಟಾರ್ ಕೇಬಲ್ ಹಾಕಬೇಡಿ, ದಪ್ಪ ಸ್ಪೀಕರ್ ಕೇಬಲ್ಲೇ ಬೇಕು.

ಇನ್ವರ್ಟರ್ ಸ್ಕ್ವೇರ್ ವೇವ್‌ನದಾದರೆ ಆಂಪ್‌ನಲ್ಲಿ ಗೊರಗೊರ ಕೇಳಿಸುತ್ತದೆ, ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತದೆ. ಸೈನ್ ವೇವ್ ಇನ್ವರ್ಟರ್ ಆದರೆ ತೊಂದರೆ ಇಲ್ಲ. ಇನ್ನು ಬಳಸದೆ ಇಟ್ಟ ಆಂಪ್ ಒಳಗೆ ಹಲ್ಲಿ, ಜಿರಳೆ ಸೇರುತ್ತವೆ. ನನ್ನ ಟೇಬಲ್‌ಗೆ ಬರುವ ಆಂಪ್‌ಗಳಲ್ಲಿ ಇದರಿಂದಲೇ ಬೋರ್ಡ್ ಶಾರ್ಟ್ ಆದವು ಇರುತ್ತವೆ. ಬಟ್ಟೆಯ ಕವರ್ ಹಾಕಿಡಿ. ಆದರೆ ಬಿಸಿ ಆರಿದ ಮೇಲೆ ಹಾಕಿ.

ಮಂಡ್ಯ ನಾಲ್ಕುತಂತಿ

ಎಲ್ಲರಿಗೂ ಥ್ಯಾಂಕ್ಸ್. ಚಾರ್ಜರ್ ಕಿತ್ತ ಕೂಡಲೇ ಜುಮ್ ಅನ್ನುವುದು, ಹಮ್ ಎರಡೂ ನಿಂತವು. ಆಂಪನ್ನು ಕುರ್ಚಿ ಮೇಲಿಟ್ಟ ಮೇಲೆ ಎ ತಂತಿಯ ಗುಂಯ್ ಅರ್ಧಕ್ಕಿಂತ ಕಡಿಮೆ ಆಯಿತು, ಡಿ ಕೂಡ ಕೇಳಿಸುತ್ತಿದೆ.

ಪ್ರಾಕ್ಟೀಸ್ ರೂಮಿನಲ್ಲಿ ಬೇಸ್ ಆಂಪ್ ಇದೆಯಂತೆ, ವಿಚಾರಿಸಿದೆ. ಹಾಗಾಗಿ ಪೆಡಲ್, ಹೆಡ್‌ಫೋನ್, ಡಿಐ ತಗೊಳ್ಳುತ್ತೇನೆ. ಉಳಿದ ದುಡ್ಡು ಕೂಡಿಟ್ಟು ಹಬ್ಬದ ಕಾರ್ಯಕ್ರಮಗಳ ಸಂಭಾವನೆ ಸೇರಿಸಿ ಸೆಕೆಂಡ್ ಹ್ಯಾಂಡ್ ರಂಬಲ್ ನೋಡುತ್ತೇನೆ. ಐದನೇ ತಂತಿ ಅಣ್ಣನ ಮಾತೂ ಬಿಟ್ಟಿಲ್ಲ. ಹಳೇ ಆಂಪ್ ನೋಡಲು ಹೋದಾಗ ಏನೇನು ಪರೀಕ್ಷೆ ಮಾಡಬೇಕು?

ಬೆಸುಗೆ ಕೆಲಸ

ನಿಮ್ಮ ಬೇಸ್, ನಿಮ್ಮ ಕೇಬಲ್ ತಗೊಂಡು ಹೋಗಿ. ಏನೂ ಸಿಕ್ಕಿಸದೆ ವಾಲ್ಯೂಮ್ ಏರಿಸಿ ಕೇಳಿ. ಸಣ್ಣ ಸರ್ ಅನ್ನುವ ಸದ್ದು ಇರುತ್ತದೆ, ಜೋರಾದ ಹಮ್ ಇರಬಾರದು. ಎಲ್ಲ ನಾಬ್‌ಗಳನ್ನೂ ತಿರುಗಿಸಿ. ಕರಕರ ಅಂದರೆ ಧೂಳು, ಕಾಂಟ್ಯಾಕ್ಟ್ ಕ್ಲೀನರ್‌ನಲ್ಲಿ ಹೋಗುತ್ತದೆ, ಅದಕ್ಕಾಗಿ ಆಂಪ್ ಬಿಡಬೇಡಿ, ಬೆಲೆ ಇಳಿಸಿ. ಜ್ಯಾಕ್ ಅಲುಗಿಸಿದಾಗ ಸದ್ದು ಹೋಗಿಬಂದರೆ ಅದೂ ಸಣ್ಣ ಕೆಲಸ. ಎಕ್ಸ್‌ಎಲ್‌ಆರ್ ಔಟ್, ಹೆಡ್‌ಫೋನ್ ಔಟ್ ಎರಡನ್ನೂ ಪರೀಕ್ಷಿಸಿ, ಮಾರುವವರು ಅವನ್ನು ಬಳಸಿಯೇ ಇರುವುದಿಲ್ಲ.

ಸ್ಪೀಕರ್ ಮುಖ್ಯ. ಇ ತಂತಿಯಿಂದ ಶುರುಮಾಡಿ ಒಂದೊಂದೇ ಫ್ರೆಟ್ ಮೇಲೆ ಹೋಗಿ, ಪ್ರತಿ ಸ್ವರವನ್ನೂ ಪೂರ್ತಿ ಕೇಳಿ. ಯಾವುದೋ ಒಂದರಲ್ಲಿ ಮಾತ್ರ ಗಿರಗಿರ ಅಂದರೆ ಮೊದಲು ಪೆಟ್ಟಿಗೆಯ ಸ್ಕ್ರೂ, ಜಾಲರಿ ಅದುಮಿ ನೋಡಿ, ಸಡಿಲ ಇದ್ದರೆ ಅಷ್ಟೇ. ಆಮೇಲೆ ಆಂಪ್ ಆಫ್ ಮಾಡಿಸಿ, ಜಾಲರಿ ತೆಗೆಸಿ, ಕೋನ್‌ನ ಎರಡೂ ಕಡೆ ಬೆರಳಿಟ್ಟು ಸಮನಾಗಿ, ಮೆಲ್ಲಗೆ ಒಳಕ್ಕೆ ಒತ್ತಿ. ಸದ್ದಿಲ್ಲದೆ ಹೋಗಿ ಬರಬೇಕು. ಒಳಗೆ ಉಜ್ಜಿದ ಹಾಗೆ ಕೇಳಿಸಿದರೆ ಕಾಯಿಲ್ ಸುಟ್ಟಿದೆ ಅಥವಾ ಓರೆಯಾಗಿದೆ. ಅಂಥದ್ದೂ ಬೇಕು ಅನ್ನಿಸಿದರೆ ಹೊಸ ಸ್ಪೀಕರ್‌ನ ಬೆಲೆ ಕೇಳಿಕೊಂಡು, ಅಷ್ಟನ್ನು ಕಳೆದು ಮಾತಾಡಿ.